ನೀರು ಬರೆದ ಗಡಿ, ರೈತರೇ ಹಾಕಿಕೊಂಡ ಬೀಗ!

ಒಂದು ಕೆಲಸ ಮಾಡಿ. ಮೊಬೈಲ್‌ನಲ್ಲಿ ಉಪಗ್ರಹ ನಕ್ಷೆ ತೆರೆಯಿರಿ. ಅಮೆರಿಕದ ನಟ್ಟನಡುವೆ ನೆಬ್ರಾಸ್ಕ ಅನ್ನುವ ರಾಜ್ಯ ಹುಡುಕಿ. ಬೆರಳಾಡಿಸುತ್ತ ಹತ್ತಿರ ಹೋಗಿ. ಇನ್ನೂ ಹತ್ತಿರ. ಕಂಡಿತೇ?

ಚಕ್ರಗಳು! ಹಸಿರು ಚಕ್ರಗಳು! ಮದುವೆಮನೆಯಲ್ಲಿ ದೋಸೆ ಹುಯ್ದು ಸಾಲಾಗಿ ಹರವಿಟ್ಟ ಹಾಗೆ, ಒಂದರ ಪಕ್ಕ ಒಂದು, ಒಂದೇ ಅಳತೆ, ಕಣ್ಣು ಹರಿಯುವ ತನಕ! ಮೊದಲ ಸಲ ನೋಡಿದಾಗ ನಾನು ಪರದೆಯ ಮೇಲೆ ಏನೋ ಅಂಟಿದೆ ಎಂದು ಒರೆಸಿದ್ದೂ ಉಂಟು.

ಏನಿರಬಹುದು ಇವು? ಹೆಲಿಕಾಪ್ಟರ್ ಇಳಿಯುವ ಜಾಗವೇ? ಆಟದ ಮೈದಾನವೇ? ಒಂದು ಊಹೆ ಬಿಸಾಕಿ ನೋಡೋಣ.

ಹೊಲ! ಒಂದೊಂದು ಚಕ್ರವೂ ಒಂದು ಹೊಲ. ಒಂದೊಂದೂ ಸುಮಾರು 130 ಎಕರೆ!

ನಡುವೆ ಒಂದು ಗೂಟ. ಗೂಟಕ್ಕೆ 400 ಮೀಟರ್ ಉದ್ದದ ಕೊಳವೆಯ ತೋಳು. ತೋಳಿಗೆ ಗಾಲಿಗಳ ಕಾಲು. ಕಣದಲ್ಲಿ ಮೇಟಿಯ ಸುತ್ತ ಎತ್ತು ತಿರುಗುವುದಿಲ್ಲವೇ, ಥೇಟ್ ಹಾಗೆ! ಆ ತೋಳು ಮಳೆ ಸುರಿಸುತ್ತ, ಗಂಟೆಗಟ್ಟಲೆ, ದಿನಗಟ್ಟಲೆ ಮೆಲ್ಲಗೆ ತಿರುಗುತ್ತದೆ. ಫ್ರಾಂಕ್ ಜೈಬಾಕ್ ಎಂಬ ರೈತ ಕಂಡುಹಿಡಿದದ್ದು. 1952ರಲ್ಲಿ ಪೇಟೆಂಟ್ ಸಿಕ್ಕಿತು. ಚೌಕದ ಹೊಲವನ್ನು ದುಂಡಗೆ ಮಾಡಿದ ಪುಣ್ಯಾತ್ಮ!

ಸರಿ, ಆದರೆ ನಾನು ಹೇಳಹೊರಟ ಅಚ್ಚರಿ ಇದಲ್ಲ. ಇದು ಬರೀ ಬಾಗಿಲು.

ಪ್ರತಿ ಚಕ್ರದ ಕೆಳಗೂ ಕೊಳವೆಬಾವಿ ಇದೆ ಅಂದುಕೊಳ್ಳಿ. ರಾಜ್ಯದ ತುಂಬ ಅಂಥವು ಎಷ್ಟು? 90 ಸಾವಿರಕ್ಕೂ ಹೆಚ್ಚು! ನೀರಾವರಿ ಭೂಮಿ ಎಷ್ಟು? ಸುಮಾರು 80 ಲಕ್ಷ ಎಕರೆ, ಅಮೆರಿಕದಲ್ಲೇ ಮೊದಲ ಸ್ಥಾನ! ಹಾಗಾದರೆ, ಯಾವ ಬಾವಿ ಎಷ್ಟು ನೀರೆತ್ತಬೇಕು ಅಂತ ಹೇಳುವವರು ಯಾರು? ಮಂತ್ರಿಯೇ? ಜಿಲ್ಲಾಧಿಕಾರಿಯೇ? ಯಾವುದಾದರೂ ಕಂಪನಿಯೇ? ಅಥವಾ ನಮ್ಮಲ್ಲಿಯ ಹಾಗೆ, ಮೋಟಾರು ಯಾರದೋ ನೀರೂ ಅವರದೇ ಎಂಬ ಲೆಕ್ಕವೇ?

ಉತ್ತರ ಆಮೇಲೆ. ಮೊದಲು ನೆಲದೊಳಗೆ ಇಣುಕೋಣ.

ನೆಬ್ರಾಸ್ಕ ಎಷ್ಟು ದೊಡ್ಡದು ಗೊತ್ತೇ? ಸರಿಸುಮಾರು ನಮ್ಮ ಕರ್ನಾಟಕದಷ್ಟು! ಅದು 2 ಲಕ್ಷ ಚದರ ಕಿಲೋಮೀಟರ್, ನಮ್ಮದು 1.92 ಲಕ್ಷ. ಆದರೆ ಜನ? ನಾವು 2011ರಲ್ಲೇ 6 ಕೋಟಿ ದಾಟಿದ್ದೆವು. ಅವರು ಬರೀ 20 ಲಕ್ಷದ ಆಸುಪಾಸು! ಜನಕ್ಕಿಂತ ದನಗಳೇ ಅಲ್ಲಿ ಮೂರು ಪಟ್ಟು!

ಈಗ ಅವರ ಕಾಲಡಿಯ ನೀರನ್ನು ಊಹಿಸಿ. ಓಗಲಾಲಾ ಅನ್ನುವ ಪ್ರಸಿದ್ಧ ಅಂತರ್ಜಲ ಭಂಡಾರದ ಸಿಂಹಪಾಲು ಇರುವುದು ಈ ರಾಜ್ಯದ ಕೆಳಗೆ. ಎಷ್ಟು? ತುಂಬಿದ ಕನ್ನಂಬಾಡಿ ಕಟ್ಟೆಯನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಸುಮಾರು 49 ಟಿಎಂಸಿ. ಅಂಥ ಹತ್ತು ಕಟ್ಟೆಯೇ? ನೂರೇ?

1,700ಕ್ಕೂ ಹೆಚ್ಚು ಕನ್ನಂಬಾಡಿ ಕಟ್ಟೆ!

ತಪ್ಪು ಓದಲಿಲ್ಲ ನೀವು. ಒಂದು ಸಾವಿರದ ಏಳುನೂರು! ಅಂದಾಜು 200 ಕೋಟಿ ಎಕರೆ-ಅಡಿ ಎಂಬುದು ಅಲ್ಲಿನವರ ಲೆಕ್ಕ. ಅಷ್ಟೂ ನೀರನ್ನು ಮೇಲೆತ್ತಿ ಹರಡಿದರೆ ಇಡೀ ರಾಜ್ಯ ಸುಮಾರು 40 ಅಡಿ ನೀರಿನಲ್ಲಿ ಮುಳುಗುತ್ತದೆ. ಮೂರು ಅಂತಸ್ತಿನ ಮನೆ ಗುಳುಂ!

ಇಷ್ಟು ನೀರಿದ್ದರೆ ಯಾರಿಗೆ ಬೇಕು ನಿಯಮ, ಅನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಇಲ್ಲೇ ನೋಡಿ ಮಜಾ ಶುರುವಾಗುವುದು.

1960ರ ದಶಕದಲ್ಲಿ ಅಲ್ಲಿ ಮಣ್ಣಿಗೊಂದು ಮಂಡಳಿ, ನೆರೆಗೊಂದು ಮಂಡಳಿ, ಹಳ್ಳಕ್ಕೊಂದು, ಚರಂಡಿಗೊಂದು. ಒಟ್ಟು 154! ಒಬ್ಬರ ಕೆಲಸ ಇನ್ನೊಬ್ಬರ ಕಾಲಿಗೆ ಅಡ್ಡ. ವಾರೆನ್ ಫೇರ್‌ಚೈಲ್ಡ್ ಎಂಬ ಅಧಿಕಾರಿ ಮತ್ತು ಮಾರಿಸ್ ಕ್ರೆಮರ್ ಎಂಬ ಶಾಸಕರ ತಲೆಗೆ ಒಂದು ಹುಚ್ಚು ಯೋಚನೆ ಹೊಕ್ಕಿತು. ಎಲ್ಲವನ್ನೂ ಕಲಸಿ ಒಂದೇ ಹಿಟ್ಟು ಮಾಡಿದರೆ? 1969ರಲ್ಲಿ ಕಾನೂನಾಯಿತು. 1972ರ ಜುಲೈ 1ರಂದು 154 ಮಂಡಳಿ ಮಾಯ! ಅವುಗಳ ಜಾಗದಲ್ಲಿ ಬರೀ 24. ಮುಂದೆ ಎರಡು ಕೂಡಿಕೊಂಡು ಈಗ 23.

ಹೆಸರು ನ್ಯಾಚುರಲ್ ರಿಸೋರ್ಸಸ್ ಡಿಸ್ಟ್ರಿಕ್ಟ್. ಅಲ್ಲಿನ ಜನಕ್ಕೆ ಅಷ್ಟುದ್ದ ಹೇಳಲು ಪುರುಸೊತ್ತಿಲ್ಲ. ಎನ್‌ಆರ್‌ಡಿ ಅನ್ನುತ್ತಾರೆ.

ಈ 23ರ ಗಡಿಗೆರೆ ಎಳೆದವರು ಯಾರು ಹೇಳಿ ನೋಡೋಣ!

ನದಿಗಳು! ಅಮೆರಿಕದ ಆ ಬಯಲುಸೀಮೆಯ ನಕ್ಷೆ ನೋಡಿದ್ದೀರಾ? ಸ್ಕೇಲು ಇಟ್ಟು ಗೀಚಿದಂತೆ ನೆಟ್ಟನೆ ಗೆರೆ, ಚೌಕ, ಚೌಕ, ಚೌಕ. ಆದರೆ ಎನ್‌ಆರ್‌ಡಿ ನಕ್ಷೆಯಲ್ಲಿ ಗಡಿ ಹಾವಿನಂತೆ ಹೊರಳುತ್ತದೆ. ಮಳೆನೀರು ಯಾವ ಹೊಳೆಗೆ ಇಳಿಯುತ್ತದೋ ಆ ಹೊಳೆಯ ಡಿಸ್ಟ್ರಿಕ್ಟು! ಹೆಸರು ಕೇಳಿ: ಅಪ್ಪರ್ ಬಿಗ್ ಬ್ಲೂ. ಲಿಟಲ್ ಬ್ಲೂ. ಲೋಯರ್ ಲೂಪ್. ಅಪ್ಪರ್ ಎಲ್ಕ್‌ಹಾರ್ನ್. ಎಲ್ಲವೂ ನದಿ! ಶಿವಮೊಗ್ಗ, ಹಾಸನ ಎಂಬ ಜಿಲ್ಲೆಗಳ ಬದಲು ನಮ್ಮಲ್ಲಿ ಮೇಲ್‌ತುಂಗೆ, ಕಿರುವೇದಾವತಿ ಅಂತ ಜಿಲ್ಲೆ ಇದ್ದಂತೆ. ಕಲ್ಪಿಸಿಕೊಂಡರೇ ಮೈ ಜುಮ್ಮೆನ್ನುವುದಿಲ್ಲವೇ?

ಈಗ ಆ ಬಾಕಿ ಉತ್ತರ. ಕೊಳವೆಬಾವಿಗೆ ಎಷ್ಟು ನೀರು ಎಂದು ಹೇಳುವವರು ಯಾರು?

ಪಕ್ಕದ ಹೊಲದವರು!

ಹೌದು. ಎನ್‌ಆರ್‌ಡಿಯನ್ನು ನಡೆಸುವುದು ಚುನಾಯಿತ ಮಂಡಳಿ. ಅಮೆರಿಕದ ಅಧ್ಯಕ್ಷರಿಗೆ ಮತ ಒತ್ತುವ ಅದೇ ನವೆಂಬರ್ ಮತಪತ್ರದ ಕೆಳತುದಿಯಲ್ಲಿ ಇವರ ಹೆಸರೂ ಇರುತ್ತದೆ. ಪಕ್ಷವಿಲ್ಲ, ಚಿಹ್ನೆಯಿಲ್ಲ. ಹಳ್ಳಿಯ ಕಡೆ ಗೆದ್ದವರಲ್ಲಿ ಹೆಚ್ಚಿನವರು ರೈತರು, ದನ ಸಾಕುವವರು. ಅವರಿಗೆ ತೆರಿಗೆ ಹಾಕುವ ಅಧಿಕಾರವೂ ಉಂಟು! ಎಷ್ಟು? ಆಸ್ತಿಯ ಬೆಲೆಯ 100 ಡಾಲರಿಗೆ ಸಾಮಾನ್ಯ ತೆರಿಗೆಯ ಮಿತಿ 4.5 ಸೆಂಟು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ನೂರು ರೂಪಾಯಿಗೆ ನಾಲ್ಕೂವರೆ ಪೈಸೆ!

ನನಗೆ ತಟ್ಟನೆ ನೆನಪಾದದ್ದು ಯಾರು ಗೊತ್ತೇ? ನಮ್ಮ ನೀರುಗಂಟಿ! ಹಳೇ ಮೈಸೂರು ಸೀಮೆಯ ಕೆರೆ ಇದ್ದ ಊರಿನವರಿಗೆ ಹೇಳಬೇಕಿಲ್ಲ. ತೂಬು ಎತ್ತುವವನು ಅವನು, ಇಳಿಸುವವನು ಅವನು. ಗೌಡರ ಗದ್ದೆಯಾದರೂ ಸರದಿ ಬಾರದೆ ನೀರಿಲ್ಲ. ಆ ನೀರುಗಂಟಿಗೆ ಒಂದು ಕಚೇರಿ, ಒಂದು ಮೀಟರು, ಜೊತೆಗೆ ತೆರಿಗೆಯ ಅಧಿಕಾರ ಕೊಟ್ಟು, ಮತ ಹಾಕಿ ಗೆಲ್ಲಿಸಿ ಕೂರಿಸಿದರೆ ಎನ್‌ಆರ್‌ಡಿ! ವ್ಯತ್ಯಾಸ ಒಂದೇ. ನಮ್ಮವನು ಕಣ್ಣಿಗೆ ಕಾಣುವ ನೀರು ಕಾಯುತ್ತಿದ್ದ. ಇವರು ಕಾಣದ ನೀರು ಕಾಯುತ್ತಾರೆ.

ಕಾಣದ ನೀರು ಕಾಯುವುದು ಹೇಗೆ? ಬನ್ನಿ, ನೈಋತ್ಯ ಮೂಲೆಗೆ ಹೋಗೋಣ. ಅಪ್ಪರ್ ರಿಪಬ್ಲಿಕನ್ ಡಿಸ್ಟ್ರಿಕ್ಟ್. ಮಳೆ ಕಡಿಮೆ, ಬಾಯಾರಿಕೆ ಜಾಸ್ತಿ. ಇಲ್ಲಿನ ರೈತ ಮಂಡಳಿ 1970ರ ದಶಕದ ಕೊನೆಯಲ್ಲೇ ಏನು ಮಾಡಿತು ಊಹಿಸಿ. ತಮ್ಮ ಬೋರ್‌ವೆಲ್‌ಗಳಿಗೆ ತಾವೇ ಮೀಟರು ಜಡಿದುಕೊಂಡಿತು!

ಕರೆಂಟಿನ ಮೀಟರಲ್ಲ ಸ್ವಾಮಿ, ನೀರಿನ ಮೀಟರು!

ಒಂದೊಂದು ಎಕರೆಗೂ ಇಷ್ಟು ಇಂಚು ಎಂದು ಪಾಲು. ಐದು ವರ್ಷಕ್ಕೆ ಒಟ್ಟಾಗಿ ಕೊಟ್ಟ ಪಾಲು 65 ಇಂಚಿಗೆ ಇಳಿದು ಬಂತು. ವರ್ಷಕ್ಕೆ 13 ಇಂಚು ಬಿತ್ತು ಅನ್ನಿ. ಎಕರೆಗೆ ಸುಮಾರು 13 ಲಕ್ಷ ಲೀಟರು. ಮಳೆ ಚೆನ್ನಾಗಿ ಬಂದ ವರ್ಷ ಉಳಿಸಿದರೆ ಮುಂದಿನ ವರ್ಷಕ್ಕೆ ಜಮೆ! ಹೆಚ್ಚು ಎತ್ತಿದರೆ ಮುಂದಿನ ಪಾಲಿನಲ್ಲಿ ಕಡಿತ! ಬ್ಯಾಂಕಿನ ಪಾಸ್‌ಬುಕ್ಕಿನ ಹಾಗೆ ನೀರಿನ ಪಾಸ್‌ಬುಕ್ಕು! ನಿಯಮ ಮುರಿದವರಿಗೆ ಪಂಪು ನಿಲ್ಲಿಸೆಂದು ಆದೇಶ ಕೊಡುವ ಹಲ್ಲೂ ಈ ಮಂಡಳಿಗಿದೆ. ಆದೇಶ ಕೊಡುವವರು ಯಾರು? ನಿನ್ನೆ ನಿಮ್ಮ ಜೊತೆ ದನದ ಸಂತೆಗೆ ಬಂದವರು!

ಚಿತ್ರದುರ್ಗ, ಕೋಲಾರದ ಕಡೆಯವರು ಇಲ್ಲಿ ಒಂದು ನಿಮಿಷ ಪತ್ರಿಕೆ ಕೆಳಗಿಟ್ಟು ನಿಟ್ಟುಸಿರು ಬಿಡಬಹುದು. ಸಾವಿರ ಅಡಿ ಕೊರೆಸಿದರೂ ಬರೀ ದೂಳು ಹಾರುವುದನ್ನು ನೋಡಿದವರು ನೀವು.

ಆಯಿತೇ? ಈಗ ನಾನು ಬಹಳ ಹೊತ್ತಿನಿಂದ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕತೆ.

ರಿಪಬ್ಲಿಕನ್ ಎಂಬ ನದಿ ನೆಬ್ರಾಸ್ಕದಿಂದ ಪಕ್ಕದ ಕನ್ಸಾಸ್‌ಗೆ ಹರಿಯುತ್ತದೆ. ಮೇಲಿನ ರಾಜ್ಯ, ಕೆಳಗಿನ ರಾಜ್ಯ, ಹಳೆಯ ಒಪ್ಪಂದ, ಹೊಸ ಜಗಳ. ನಮಗೆ ಇದನ್ನು ಬಿಡಿಸಿ ಹೇಳಬೇಕೇ! 1943ರ ಒಪ್ಪಂದ ಮುರಿದರೆಂದು ಕನ್ಸಾಸ್ 1998ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ವಾದದ ಸಾರ ಇಷ್ಟು: "ನದಿಗೆ ನೀವು ಅಣೆಕಟ್ಟು ಕಟ್ಟಿ ಕದಿಯುತ್ತಿಲ್ಲ, ಬೋರ್‌ವೆಲ್ ಕೊರೆದು ಕದಿಯುತ್ತಿದ್ದೀರಿ!" ನದಿಯೂ ಅಂತರ್ಜಲವೂ ಒಂದೇ ಪಾತ್ರೆಯ ನೀರು. ಹೊಲದಲ್ಲಿ ಹೀರಿದರೆ ಹೊಳೆ ಬತ್ತುತ್ತದೆ. 2002ರ ರಾಜಿಯಲ್ಲಿ ಬೋರ್‌ವೆಲ್ಲಿನ ನೀರೂ ನದಿಯ ಲೆಕ್ಕಕ್ಕೆ ಸೇರಿಹೋಯಿತು! ಆದರೂ ಪಾಲು ತಪ್ಪಿತು. 2015ರಲ್ಲಿ ನೆಬ್ರಾಸ್ಕ ಕನ್ಸಾಸ್‌ಗೆ ಕಟ್ಟಿಕೊಡಬೇಕೆಂದು ಕೋರ್ಟು ವಿಧಿಸಿದ ಮೊತ್ತ 55 ಲಕ್ಷ ಡಾಲರ್.

ಆ ತೀರ್ಪು ಬರುವ ಮೊದಲೇ, 2012ರಲ್ಲಿ, ನಾಲ್ಕು ಎನ್‌ಆರ್‌ಡಿಗಳು ಕೂಡಿ ಏನು ಮಾಡಿದವು? ಊಹಿಸಿ. ಖಂಡಿತ ಆಗುವುದಿಲ್ಲ ನಿಮ್ಮಿಂದ.

ಒಂದು ಹೊಲ ಕೊಂಡವು. ಎಷ್ಟು ದೊಡ್ಡದು? 19,500 ಎಕರೆ! ಎಷ್ಟು ದುಡ್ಡು? 8 ಕೋಟಿ 30 ಲಕ್ಷ ಡಾಲರ್! ಅಷ್ಟು ಕೊಟ್ಟು ಕೊಂಡು ಏನು ಬೆಳೆದವು?

ಏನೂ ಇಲ್ಲ!

ನೀರಾವರಿ ನಿಲ್ಲಿಸಿ ಹುಲ್ಲು ಬಿತ್ತಿದರು! ಜೋಳ ಕುಡಿಯುತ್ತಿದ್ದ ನೀರನ್ನೇ ಪಂಪಿನಿಂದ ಎತ್ತಿ, ಕೊಳವೆಯಲ್ಲಿ ಸಾಗಿಸಿ, ಹಳ್ಳಕ್ಕೆ ಬಿಟ್ಟರು. ಹಳ್ಳದಿಂದ ನದಿಗೆ. ನದಿಯಿಂದ ಕನ್ಸಾಸ್‌ಗೆ! ನದಿಗೆ ಬಾವಿಯಿಂದ ನೀರು ಸೇದಿ ಕೊಡುವುದು! ಗಂಗೆಗೆ ಚೆರಿಗೆ ನೀರು ಸುರಿದ ಹಾಗೆ ಅನ್ನೋಣವೇ? ಅಲ್ಲ, ಇದು ನಿಜವಾಗಿ ಕೆಲಸ ಮಾಡಿತು. ದುಡ್ಡು ಕೊಟ್ಟವರು ಯಾರು? ನೀರಾವರಿಯ ಪ್ರತಿ ಎಕರೆಗೆ 10 ಡಾಲರಿನವರೆಗೂ ತೆರಿಗೆ ತೆತ್ತ ಅದೇ ರೈತರು. ತಮ್ಮ ಉಳಿದ ಹೊಲ ಉಳಿಸಿಕೊಳ್ಳಲು ಒಂದು ಹೊಲ ಬಲಿಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು ಅಂದುಕೊಳ್ಳಬೇಡಿ. ಮೊಕದ್ದಮೆಗಳೂ ಬಿದ್ದವು. ನೀರು ಅಂದಮೇಲೆ ಅದಿಲ್ಲದೆ ಆಗುತ್ತದೆಯೇ!

ಫಲ? ಮನುಷ್ಯ ಪಂಪು ಹಚ್ಚುವ ಮುಂಚೆ ಇದ್ದ ಮಟ್ಟಕ್ಕೆ 2015ರ ಮಟ್ಟವನ್ನು ಹೋಲಿಸಿ ನೋಡಿದರು. ಟೆಕ್ಸಸ್‌ನ ಕೆಳಗೆ ಇದೇ ಓಗಲಾಲಾ ಭಂಡಾರ ಸರಾಸರಿ 40 ಅಡಿಗೂ ಹೆಚ್ಚು ಕುಸಿದಿದೆ. ನೆಬ್ರಾಸ್ಕದಲ್ಲಿ? ಒಂದು ಅಡಿಯೂ ಇಲ್ಲ! ಪೂರ್ತಿ ಹೊಗಳಿಕೆ ಮಂಡಳಿಗಳಿಗೇ ಕೊಡಲಾರೆ. ಸ್ಯಾಂಡ್‌ಹಿಲ್ಸ್ ಎಂಬ ಅಲ್ಲಿನ ವಿಶಾಲ ಮರಳುದಿಬ್ಬಗಳು ಮಳೆಯನ್ನು ಜರಡಿಯಂತೆ ಇಳಿಸಿಕೊಳ್ಳುತ್ತವೆ. ಅದು ದೈವದ ಕೊಡುಗೆ. ನೈಋತ್ಯ ಮೂಲೆಯಲ್ಲಿ ಇವತ್ತಿಗೂ ನೀರು ಇಳಿಯುತ್ತಲೇ ಇದೆ. ಆದರೂ, ಸರಾಸರಿ ಒಂದು ಅಡಿಗೂ ಕಡಿಮೆ!

ಒಂದು ಸಣ್ಣ ಚಮತ್ಕಾರ ಹೇಳದೆ ಮುಂದೆ ಹೋಗಲಾರೆ. ಗ್ರ್ಯಾಂಡ್ ಐಲೆಂಡ್ ಪಟ್ಟಣದ ಸೆಂಟ್ರಲ್ ಪ್ಲ್ಯಾಟ್ ಡಿಸ್ಟ್ರಿಕ್ಟ್‌ನಲ್ಲಿ ಗೊಬ್ಬರದ ನೈಟ್ರೇಟು ಅಂತರ್ಜಲಕ್ಕೆ ಇಳಿದುಬಿಟ್ಟಿತ್ತು. 1987ರಲ್ಲಿ ಮಂಡಳಿ ಕಟ್ಟಲೆ ಹಾಕಿತು. ಹೆಚ್ಚು ಕೆಟ್ಟ ಕಡೆ ಮಣ್ಣು ಪರೀಕ್ಷೆ ಮಾಡಿಸಲೇಬೇಕು. ಬಾವಿಯ ನೀರೂ ಪರೀಕ್ಷೆ ಆಗಬೇಕು. ಏಕೆ ಗೊತ್ತೇ? ಆ ನೀರಿನಲ್ಲೇ ಗೊಬ್ಬರ ಇದೆಯಲ್ಲ! ಅದನ್ನು ಲೆಕ್ಕಕ್ಕೆ ಹಿಡಿದು ಚೀಲದ ಗೊಬ್ಬರ ಕಡಿಮೆ ಮಾಡು! ಅಂದರೆ ಹಿಂದೆ ಸೋರಿಹೋದ ಗೊಬ್ಬರವನ್ನೇ ಮತ್ತೆ ಮೇಲೆತ್ತಿ ಬೆಳೆಗೆ ಉಣಿಸು! ತಪ್ಪೇ ತಿರುಗಿ ಬಂಡವಾಳ! ನೈಟ್ರೇಟು ಇಳಿಯತೊಡಗಿತು, ಆದರೆ ಆಮೆಯ ನಡಿಗೆ. ಕೆಡಿಸಿದಷ್ಟು ಬೇಗ ತೊಳೆಯಲಾಗುವುದಿಲ್ಲ.

ಇನ್ನು ಮರ. ಅದೂ ಈ ಮಂಡಳಿಗಳ ಕೆಲಸವೇ. ಮರದ ಕತೆ ಕೇಳಿದರೆ ನಗು ಬರುತ್ತದೆ, ಬೆರಗೂ ಆಗುತ್ತದೆ.

1820ರಲ್ಲಿ ಈ ಬಯಲು ದಾಟಿದ ಸ್ಟೀಫನ್ ಲಾಂಗ್ ಎಂಬ ಸೇನಾಧಿಕಾರಿಯ ತಂಡ ನಕ್ಷೆಯ ಮೇಲೆ ಬರೆದದ್ದು 'ಮಹಾ ಅಮೆರಿಕನ್ ಮರುಭೂಮಿ' ಅಂತ. ಹೊಳೆದಂಡೆ ಬಿಟ್ಟರೆ ಮರವೇ ಇಲ್ಲ! ಹಾಗಾದರೆ ಲೋಕಕ್ಕೆ ಮರ ನೆಡುವ ಹಬ್ಬ ಕೊಟ್ಟ ನಾಡು ಯಾವುದು? ಇದೇ ಮರವಿಲ್ಲದ ನೆಬ್ರಾಸ್ಕ! 1872ರ ಏಪ್ರಿಲ್ 10. ಸ್ಟರ್ಲಿಂಗ್ ಮಾರ್ಟನ್ ಎಂಬ ಪತ್ರಕರ್ತ ಹಚ್ಚಿದ ಕಿಡಿ. ಮೊದಲ ಆರ್ಬರ್ ಡೇ! ಅಂದು ಒಂದೇ ದಿನ ನೆಟ್ಟ ಸಸಿಗಳು 10 ಲಕ್ಷ ಎಂದು ಅಂದಾಜು!

ಚಾರ್ಲ್ಸ್ ಬೆಸ್ಸಿ ಎಂಬ ಸಸ್ಯಶಾಸ್ತ್ರಜ್ಞ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮರಳುದಿಬ್ಬದ ಮೇಲೆ ಕಾಡು ಬೆಳೆಸುತ್ತೇನೆ ಅಂದರು. ಮರಳಿನ ಮೇಲೆ! 1902ರಲ್ಲಿ ಹಾಲ್ಸಿ ಎಂಬ ಹಳ್ಳಿಯ ಬಳಿ ನರ್ಸರಿ ಎದ್ದಿತು. ಕೈಯಿಂದ ನೆಟ್ಟ ಕಾಡು ಸುಮಾರು 20 ಸಾವಿರ ಎಕರೆಗೆ ಬೆಳೆಯಿತು! ಆ ನರ್ಸರಿ ಇನ್ನೂ ಜೀವಂತ. ಎನ್‌ಆರ್‌ಡಿಗಳಿಗೆ ಸಸಿ ಕಳಿಸುತ್ತದೆ.

ಆ ಸಸಿ ಕೊಳ್ಳುವ ಪರಿ ನೋಡಬೇಕು ನೀವು. ಚಳಿಗಾಲದಲ್ಲಿ ರೈತ ಪಟ್ಟಿ ಬರೆದು ಕಳಿಸುತ್ತಾನೆ. ಏಪ್ರಿಲ್ ಹೊತ್ತಿಗೆ ಸಸಿ ಬರುತ್ತದೆ. ಕುಂಡವಿಲ್ಲ, ಮಣ್ಣಿಲ್ಲ, ಬರಿಬೇರು! ನಮ್ಮ ಸಂತೆಯಲ್ಲಿ ಸೊಪ್ಪು ಕಟ್ಟಿದ ಹಾಗೆ 25ರ ಕಂತೆ! ನೆಡಲು ಆಳಿಲ್ಲವೇ? ಟ್ರ್ಯಾಕ್ಟರಿಗೆ ಸಿಕ್ಕಿಸುವ ಯಂತ್ರ ಎನ್‌ಆರ್‌ಡಿಯಲ್ಲೇ ಇದೆ. ಒಬ್ಬರು ಟ್ರ್ಯಾಕ್ಟರ್ ಓಡಿಸಿದರೆ ಹಿಂದೆ ಕೂತವರು ಸಾಲಿಗೆ ಒಂದೊಂದೇ ಸಸಿ ಇಳಿಸುತ್ತ ಹೋಗುತ್ತಾರೆ. ಕೂರಿಗೆಗೆ ಬೀಜ ಬಿಟ್ಟ ಹಾಗೆ ಮರ ಬಿತ್ತುವುದು! ಮನೆಗೆ, ದನಕ್ಕೆ, ಬೆಳೆಗೆ ಗಾಳಿ ತಡೆಯುವ ಗೋಡೆ.

1972ರಿಂದ ಅರ್ಧ ಶತಮಾನದಲ್ಲಿ ಹೀಗೆ ನೆಟ್ಟವು ಎಷ್ಟು? ಲಕ್ಷಗಳಲ್ಲಿ ಹೇಳಬೇಡಿ. ಸುಮಾರು 10 ಕೋಟಿ! ತಲೆಗೆ 50 ಮರ!

ಮರವಿಲ್ಲದ ನಾಡಿನಲ್ಲಿ ಮರ ಗೆದ್ದಿತು ಅನ್ನುವಾಗ ಎಡವಟ್ಟು. ಗಾಳಿ ತಡೆಗೆಂದು ಎಲ್ಲರೂ ಮುಗಿಬಿದ್ದು ನೆಟ್ಟದ್ದು ಕೆಂಪು ಸೀಡರ್. ಗಟ್ಟಿಪಿಂಡ. ಬರವಿರಲಿ ಹಿಮವಿರಲಿ, ಸಾಯುವುದಿಲ್ಲ. ಹಕ್ಕಿಗಳು ಹಣ್ಣು ತಿಂದು ಬೀಜ ಉದುರಿಸಿದವು. ಹಿಂದೆ ಆಗಾಗ ಹಬ್ಬುತ್ತಿದ್ದ ಹುಲ್ಲುಬೆಂಕಿಯನ್ನು ಮನುಷ್ಯ ನಿಲ್ಲಿಸಿದ್ದ. ಇನ್ನೇನು, ಸೀಡರಿನ ದಂಡಯಾತ್ರೆ! ಹುಲ್ಲುಗಾವಲು ನುಂಗುತ್ತ ಹೊರಟಿತು. ಈಗ ಎನ್‌ಆರ್‌ಡಿಗಳು ಅದನ್ನು ಕಡಿಯಲು, ಲೆಕ್ಕಾಚಾರದ ಬೆಂಕಿ ಇಟ್ಟು ಸುಡಲು ಸಹಾಯಧನ ಕೊಡುತ್ತವೆ. ನೆಡುವುದಕ್ಕೂ ಕಾಸು, ಸುಡುವುದಕ್ಕೂ ಕಾಸು! ಲಂಟಾನ, ಜಾಲಿ ಕಂಡ ನಮಗೆ ಈ ಕತೆ ಹೊಸದಲ್ಲ ಬಿಡಿ. ತಾನು ನೆಟ್ಟದ್ದನ್ನು ತಪ್ಪೆಂದು ಒಪ್ಪಿ ಕೊಡಲಿ ಹಿಡಿಯುವ ಮಂಡಳಿ ಮಾತ್ರ ನನಗೆ ಹೊಸದು.

ಕೊನೆಗೆ ಕಸ. ಕಸಕ್ಕೂ ನೀರಿನ ಮಂಡಳಿಗೂ ಏನು ಸಂಬಂಧ? ಕಾನೂನು ಎನ್‌ಆರ್‌ಡಿಗಳಿಗೆ 12 ಹೊಣೆ ಕೊಟ್ಟಿದೆ. ನೆರೆ, ಸವಕಳಿ, ಅಂತರ್ಜಲ, ಕಾಡು, ವನ್ಯಜೀವಿ. ಅದೇ ಪಟ್ಟಿಯಲ್ಲಿ ಘನತ್ಯಾಜ್ಯವೂ ಉಂಟು!

ಹಳ್ಳಿಯ ಅತಿ ಅಪಾಯದ ಕಸ ಯಾವುದು ಹೇಳಿ. ಕೀಟನಾಶಕದ ಡಬ್ಬಿ! ನಮ್ಮ ಬದುವಿನಲ್ಲಿ, ಕಾಲುವೆಯಲ್ಲಿ ಬಿದ್ದಿರುವುದನ್ನು ನೋಡಿಲ್ಲವೇ? ಅಲ್ಲಿ ಖಾಲಿ ಡಬ್ಬಿ ಹಿಂದಕ್ಕೆ ಪಡೆಯುವ ಕೇಂದ್ರಗಳಿವೆ. ಕೆಲವು ಎನ್‌ಆರ್‌ಡಿಗಳೇ ನಡೆಸುತ್ತವೆ. ಆದರೆ ಹಾಗೇ ತಂದರೆ ಮುಟ್ಟುವುದಿಲ್ಲ. ಮೂರು ಸಲ ತೊಳೆದಿರಬೇಕು! ತೊಳೆದ ನೀರನ್ನು ಚೆಲ್ಲುವಂತಿಲ್ಲ, ಸಿಂಪಡಿಸುವ ಟ್ಯಾಂಕಿಗೇ ಹಾಕಬೇಕು. ಮುಚ್ಚಳ ಬೇರೆ, ಚೀಟಿ ಬೇರೆ. ಒಳಗೆ ಒಂದು ಹನಿ ಉಳಿದಿದ್ದರೂ ವಾಪಸ್! ಗಿರಾಕಿಯ ಲೋಟ ಮೂಸಿ ನೋಡುವ ಹೋಟೆಲಿನವರ ಹಾಗೆ!

ಸರಿ, ಹೀಗೆ ಕೂಡಿಟ್ಟ ಡಬ್ಬಿಗಳನ್ನು ಪುಡಿಮಾಡಿ ಏನು ಮಾಡುತ್ತಾರೆ? ಆಟಿಕೆಯೇ? ಅಯ್ಯೋ, ವಿಷದ ಡಬ್ಬಿ, ಮಕ್ಕಳ ಕೈಗೆ ಹೋಗಬಾರದು. ನೀರಿನ ಬಾಟಲಿಯೇ? ಮೊದಲೇ ಬೇಡ! ಕಡೆಯ ಊಹೆ.

ಕೊಳವೆ! ಹೊಲದಲ್ಲಿ ಹೆಚ್ಚಾಗಿ ನಿಂತ ನೀರನ್ನು ಬಸಿಯಲು ಮಣ್ಣಿನಡಿ ಹೂಳುವ ಕೊಳವೆ!